ಕಣ್ಣಿನ ಹಸಿವು, ಕಾರ್ಡಿನ ಕಸುವು

2016ರ ಫೆಬ್ರುವರಿಯಲ್ಲಿ ಅಮೆರಿಕದ ವಾಲ್ವ್ ಕಂಪನಿ ಕಂಪ್ಯೂಟರ್ ಆಟಗಾರರಿಗೆ ಒಂದು ಪುಟ್ಟ ತಂತ್ರಾಂಶವನ್ನು ಬಿಟ್ಟಿಯಾಗಿ ಕೊಟ್ಟಿತು. ಅದು ಆಟವಾಗಿರಲಿಲ್ಲ, ಪರೀಕ್ಷೆಯಾಗಿತ್ತು. ಮನೆಯ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿದರೆ ಒಂದೆರಡು ನಿಮಿಷ ಚಿತ್ರಗಳು ಸರಿದಾಡಿ, ಕೊನೆಯಲ್ಲಿ ಮೂರು ಬಣ್ಣದ ಪಟ್ಟಿಯ ಮೇಲೆ ಒಂದು ಗುರುತು ಬಂದು ನಿಲ್ಲುತ್ತಿತ್ತು. ಗುರುತು ಹಸಿರಿನಲ್ಲಿ ನಿಂತರೆ ಯಂತ್ರ ಸಿದ್ಧವಾಗಿದೆ ಎಂದರ್ಥ. ಕೆಂಪಿನಲ್ಲಿ ನಿಂತರೆ ಸಿದ್ಧವಿಲ್ಲ. ನಡುವಿನ ಹಳದಿಯಲ್ಲಿ ನಿಂತರೆ ‘ಹೇಗೋ ನಡೆದೀತು’ ಎಂಬ ಉತ್ತರ.

ಯಾವುದಕ್ಕೆ ಸಿದ್ಧ? ವರ್ಚುವಲ್ ರಿಯಾಲಿಟಿಗೆ. ಕನ್ನಡದಲ್ಲಿ ಮಿಥ್ಯಾವಾಸ್ತವ ಎನ್ನಬಹುದಾದ ಈ ತಂತ್ರದಲ್ಲಿ ಆಟಗಾರರು ಕಣ್ಣುಗಳನ್ನು ಪೂರ್ತಿ ಮುಚ್ಚುವ ಹೆಡ್‌ಸೆಟ್ ಒಂದನ್ನು ತೊಡುತ್ತಾರೆ. ತಲೆ ತಿರುಗಿಸಿದತ್ತ ಒಂದು ಕಲ್ಪಿತ ಲೋಕ ಕಾಣುತ್ತದೆ. ಬಗ್ಗಿದರೆ ನೆಲ, ಕತ್ತೆತ್ತಿದರೆ ಆಕಾಶ. ಆ ಲೋಕವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬಿಡಿಸುವ ಕೆಲಸ ಕಂಪ್ಯೂಟರಿನೊಳಗೆ ಸಿಕ್ಕಿಸಿದ ಗ್ರಾಫಿಕ್ಸ್ ಕಾರ್ಡಿನದು.

ಪರೀಕ್ಷೆಯಲ್ಲಿ ಹಸಿರು ಕಂಡವರಿಗೆ ಚಿಂತೆ ಇರಲಿಲ್ಲ. ಕೆಂಪು ಕಂಡವರು ಆಸೆ ಬಿಟ್ಟರು, ಇಲ್ಲವೇ ಹೊಸ ಯಂತ್ರಕ್ಕೆ ಹಣ ಕೂಡಿಡತೊಡಗಿದರು. ಇಕ್ಕಟ್ಟಿಗೆ ಸಿಕ್ಕವರು ಹಳದಿಯವರು. ಎರಡು ವರ್ಷದ ಹಿಂದೆ ಕೊಂಡ ಕಾರ್ಡಿನಲ್ಲೇ ಸುಧಾರಿಸಬೇಕೆ, ಹೊಸದಕ್ಕೆ ಕೈ ಹಾಕಬೇಕೆ, ಆರು ತಿಂಗಳು ಕಾಯಬೇಕೆ? ಹೆಡ್‌ಸೆಟ್ಟಿಗೇ ನೂರಾರು ಡಾಲರ್ ತೆರಬೇಕಿದ್ದ ಕಾಲದಲ್ಲಿ ಇದು ಸಣ್ಣ ಪ್ರಶ್ನೆಯೇನಲ್ಲ. ಮೇಲ್ನೋಟಕ್ಕೆ ಇದು ಹೊಸ ಕಾಲದ ಅಂಗಡಿ ವ್ಯವಹಾರದಂತೆ ಕಂಡರೂ ಈ ಪ್ರಶ್ನೆಗೆ ಐವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಒಮ್ಮೆ ತಿರುವಿ ಹಾಕಿದರೆ ಉತ್ತರದ ದಾರಿಯೂ ಕಾಣುತ್ತದೆ.

ಎರಡು ಕಣ್ಣು, ಎರಡು ಚಿತ್ರ

ಮನುಷ್ಯನ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆಬೇರೆ ಕೋನಗಳಿಂದ ನೋಡುತ್ತವೆ. ಈ ಎರಡು ನೋಟಗಳ ವ್ಯತ್ಯಾಸದಿಂದ ಮಿದುಳು ಆಳವನ್ನು ಗ್ರಹಿಸುತ್ತದೆ. ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವರು ಮಂಡಿಸಿದ ಪ್ರಬಂಧದಲ್ಲಿ ಸ್ಟೀರಿಯೋಸ್ಕೋಪ್ ಎಂಬ ಉಪಕರಣದ ವಿವರಣೆಯಿತ್ತು. ಎರಡು ಕನ್ನಡಿಗಳ ಮೂಲಕ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಚಿತ್ರ ತೋರಿಸಿದರೆ ಚಪ್ಪಟೆ ಗೆರೆಗಳು ಎದ್ದು ನಿಲ್ಲುತ್ತಿದ್ದವು. ಮುಂದೆ ಡೇವಿಡ್ ಬ್ರೂಸ್ಟರ್ ಮಸೂರಗಳನ್ನು ಬಳಸಿ ಅದನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿದರು. 1851ರ ಲಂಡನ್ ಮಹಾಪ್ರದರ್ಶನದ ನಂತರ ಅದು ಯುರೋಪಿನ ಮನೆಮನೆಯ ಆಟಿಕೆಯಾಯಿತು. 1939ರಲ್ಲಿ ಬಂದ ವ್ಯೂ-ಮಾಸ್ಟರ್ ಕೂಡ ಇದೇ ವಂಶದ್ದು. ಗುಂಡನೆಯ ಬಿಲ್ಲೆಯನ್ನು ಸಿಕ್ಕಿಸಿ, ಪಕ್ಕದ ಗುಂಡಿ ಒತ್ತುತ್ತ ತಾಜಮಹಲನ್ನೋ ಜಲಪಾತವನ್ನೋ ನೋಡಿದ ನೆನಪು ಹಲವರಿಗೆ ಇದ್ದೀತು.

ಈ ಪೆಟ್ಟಿಗೆಗಳಿಗೆ ಯಾವ ಲೆಕ್ಕಾಚಾರವೂ ಬೇಕಿರಲಿಲ್ಲ. ಛಾಯಾಚಿತ್ರ ಒಮ್ಮೆ ತೆಗೆದರೆ ಮುಗಿಯಿತು. ಆದರೆ ಅವುಗಳಲ್ಲಿ ಒಂದು ಕೊರತೆಯಿತ್ತು. ನೋಡುವವರು ತಲೆ ತಿರುಗಿಸಿದರೆ ಚಿತ್ರವೂ ಪೆಟ್ಟಿಗೆಯ ಜೊತೆಗೇ ತಿರುಗುತ್ತಿತ್ತು. ಪಕ್ಕದಲ್ಲಿ ಏನಿದೆ ಎಂದು ಇಣುಕುವಂತಿರಲಿಲ್ಲ. ಇಣುಕಬೇಕಾದರೆ ತಲೆ ಕದಲಿದ ಪ್ರತಿ ಸಲವೂ ಹೊಸ ಚಿತ್ರ ಬರೆಯಬೇಕು. ಅಷ್ಟು ಬೇಗ ಬರೆಯುವವರು ಯಾರು?

ಸೂರಿಗೆ ತೂಗಿದ ಕತ್ತಿ

ಆ ಕೆಲಸಕ್ಕೆ ಕೈ ಹಾಕಿದವರು ಅಮೆರಿಕದ ಐವನ್ ಸದರ್‌ಲೆಂಡ್. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ವಿದ್ಯಾರ್ಥಿಗಳೊಡನೆ ಆರಂಭಿಸಿದ ಪ್ರಯೋಗದ ಫಲವನ್ನು ಅವರು 1968ರಲ್ಲಿ ಪ್ರಕಟಿಸಿದರು. ತಲೆಗೆ ತೊಡುವ ಚೌಕಟ್ಟಿನಲ್ಲಿ ಎರಡು ಪುಟ್ಟ ಚಿತ್ರನಳಿಕೆಗಳು. ತಲೆ ಎತ್ತ ತಿರುಗಿತೆಂಬುದನ್ನು ಅಳೆಯಲು ಸೂರಿನಿಂದ ಇಳಿಬಿಟ್ಟ ಲೋಹದ ತೋಳು. ನೆತ್ತಿಯ ಮೇಲೆ ತೂಗುತ್ತಿದ್ದ ಈ ತೋಳಿಗೆ ಗ್ರೀಕ್ ಕಥೆಯೊಂದರ ನೆನಪಿನಲ್ಲಿ ‘ಡ್ಯಾಮೊಕ್ಲೀಸನ ಕತ್ತಿ’ ಎಂಬ ಹೆಸರು ಬಿತ್ತು. ತೊಟ್ಟವರಿಗೆ ಕಾಣುತ್ತಿದ್ದುದು ಬರೀ ಹೊಳೆಯುವ ಗೆರೆಗಳು. ಆದರೂ ಗೆರೆಗಳಿಂದಾದ ಘನಾಕೃತಿಯೊಂದು ಕೋಣೆಯ ನಡುವೆ ತೇಲುತ್ತಿರುವಂತೆಯೂ, ಸುತ್ತ ನಡೆದರೆ ಅದರ ಬೇರೆ ಮುಖಗಳು ಕಾಣುವಂತೆಯೂ ಆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಲದ ಯಾವ ಸಾಮಾನ್ಯ ಕಂಪ್ಯೂಟರೂ ಈ ಲೆಕ್ಕಗಳನ್ನು ಬೇಕಾದ ವೇಗದಲ್ಲಿ ಮಾಡಲಾರದೆಂದು ಸದರ್‌ಲೆಂಡ್ ತಂಡಕ್ಕೆ ಬೇಗ ಮನವರಿಕೆಯಾಯಿತು. ಹಾಗಾಗಿ ಅವರು ಈ ಕೆಲಸಕ್ಕೆಂದೇ ಎರಡು ಪ್ರತ್ಯೇಕ ಯಂತ್ರಭಾಗಗಳನ್ನು ಕಟ್ಟಿಸಿದರು. ಒಂದು, ತಲೆಯ ಸ್ಥಾನಕ್ಕೆ ತಕ್ಕಂತೆ ಗೆರೆಗಳನ್ನು ತಿರುಗಿಸುವ ಗುಣಾಕಾರ ಯಂತ್ರ. ಇನ್ನೊಂದು, ನೋಟದ ಚೌಕಟ್ಟಿನಿಂದ ಹೊರಗುಳಿದ ಗೆರೆಗಳನ್ನು ಕತ್ತರಿಸಿ, ದೂರದ್ದನ್ನು ಚಿಕ್ಕದಾಗಿ ತೋರಿಸುವ ಯಂತ್ರ. ಇವೆರಡೂ ಸೇರಿ ಸೆಕೆಂಡಿಗೆ 30 ಬಾರಿ, ಸುಮಾರು 3000 ಗೆರೆಗಳ ಚಿತ್ರವನ್ನು ಬರೆಯಬಲ್ಲವಾಗಿದ್ದವು. ಮಿಥ್ಯಾವಾಸ್ತವಕ್ಕೆಂದು ಕಂಪ್ಯೂಟರಿಗೆ ಹೊಸ ಚಿತ್ರಯಂತ್ರ ಜೋಡಿಸಬೇಕಾಗಿ ಬಂದದ್ದು ಹೀಗೆ, ಮೊದಲ ದಿನದಿಂದಲೇ. ಇಂದಿನ ಆಟಗಾರರ ಪ್ರಶ್ನೆ ಆಗಲೇ ಹುಟ್ಟಿತ್ತು.

ಪುನರ್ಜನ್ಮದ ಚಕ್ರ

ಅದೇ 1968ರಲ್ಲಿ ಸದರ್‌ಲೆಂಡ್ ಅವರು ಟಿ.ಎಚ್. ಮೈಯರ್ ಎಂಬವರೊಡನೆ ಬರೆದ ಇನ್ನೊಂದು ಪ್ರಬಂಧ ಕಂಪ್ಯೂಟರ್ ಇತಿಹಾಸದಲ್ಲಿ ಹೆಸರಾಗಿದೆ. ಚಿತ್ರ ತೋರಿಸುವ ಯಂತ್ರವೊಂದನ್ನು ವಿನ್ಯಾಸ ಮಾಡಲು ಹೊರಟ ಅವರು ಮೊದಲು ತೀರಾ ಸರಳವಾದದ್ದನ್ನು ಯೋಚಿಸಿದರು. ಇನ್ನು ಸ್ವಲ್ಪ ಹಣ ಹಾಕಿದರೆ ಇನ್ನಷ್ಟು ಶಕ್ತಿ ಬರುತ್ತದೆ ಎನಿಸಿತು. ಹಾಕಿದರು. ಅದಾದ ಮೇಲೆ ಇನ್ನು ಸ್ವಲ್ಪ. ಹೀಗೇ ಸೇರಿಸುತ್ತ ಹೋದಂತೆ ಆ ಚಿತ್ರಯಂತ್ರವೇ ಒಂದು ಪೂರ್ಣ ಕಂಪ್ಯೂಟರಾಗಿ ಬೆಳೆದುಬಿಟ್ಟಿತು. ಆಗ ಅದಕ್ಕೆ ನೆರವಾಗಲು ಮತ್ತೊಂದು ಸರಳ ಚಿತ್ರಯಂತ್ರ ಬೇಕೆನಿಸಿತು! ಹೊರಟಲ್ಲಿಗೇ ಮರಳಿ ಬಂದಿದ್ದರು. ಹಲವು ಸುತ್ತು ಸುತ್ತಿದ ಮೇಲೆಯೇ ಇದು ಅವರ ಅರಿವಿಗೆ ಬಂದದ್ದು. ಈ ಸುತ್ತಿಗೆ ಅವರಿಟ್ಟ ಹೆಸರು ‘ಪುನರ್ಜನ್ಮದ ಚಕ್ರ’. ನಮ್ಮವರಿಗೆ ಬಾಲ್ಯದಿಂದ ಪರಿಚಿತವಾದ ಮಾತು ಅಮೆರಿಕದ ಯಂತ್ರಶಾಸ್ತ್ರದ ಪ್ರಬಂಧದಲ್ಲಿ ಹೀಗೆ ಸ್ಥಾನ ಪಡೆಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತವರಿಗೆ ಈ ಚಕ್ರದ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಈ ಕಾರ್ಡಿಗಿಂತ ಆ ಕಾರ್ಡು ಸ್ವಲ್ಪ ದುಬಾರಿ, ಆದರೆ ಸಾಕಷ್ಟು ವೇಗ. ಅದಕ್ಕಿಂತ ಮೇಲಿನದು ಇನ್ನು ಸ್ವಲ್ಪವೇ ದುಬಾರಿ. ‘ಇಷ್ಟು ಹಾಕುವವರು ಇನ್ನಷ್ಟು ಹಾಕಿ’ ಎಂಬ ಮಾತು ಎಲ್ಲಿಗೆ ನಿಲ್ಲಬೇಕೆಂದು ಹೇಳುವುದಿಲ್ಲ.

ಕಿವಿಯ ತಕರಾರು

ಎಲ್ಲಿ ನಿಲ್ಲಬೇಕೆಂದು ಹೇಳಬಲ್ಲದ್ದು ಮನುಷ್ಯನ ದೇಹ. ಒಳಗಿವಿಯಲ್ಲಿ ದ್ರವ ತುಂಬಿದ ಸೂಕ್ಷ್ಮ ನಾಳಗಳಿವೆ. ತಲೆ ಕದಲಿದ್ದನ್ನು ಅವು ಒಡನೆಯೇ ಮಿದುಳಿಗೆ ತಿಳಿಸುತ್ತವೆ. ಕಣ್ಣು ಹೇಳುವುದಕ್ಕೂ ಕಿವಿ ಹೇಳುವುದಕ್ಕೂ ತಾಳೆಯಾಗದಿದ್ದರೆ ತಲೆಸುತ್ತು, ಬೆವರು, ವಾಕರಿಕೆ. ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದಹೊರಟವರಿಗೆ ಇದರ ಅನುಭವ ಇದ್ದೇ ಇರುತ್ತದೆ. 1957ರಷ್ಟು ಹಿಂದೆಯೇ ಅಮೆರಿಕದ ನೌಕಾಪಡೆಯ ಹೆಲಿಕಾಪ್ಟರ್ ತರಬೇತಿ ಯಂತ್ರವೊಂದರ ಬಗ್ಗೆ ಬಂದ ವರದಿ ಈ ತೊಂದರೆಯನ್ನು ದಾಖಲಿಸಿತ್ತು. ಹೊಸಬರಿಗಿಂತ ನಿಜವಾದ ಹೆಲಿಕಾಪ್ಟರ್ ಹಾರಿಸಿ ಪಳಗಿದ ಶಿಕ್ಷಕರಿಗೇ ಅದು ಹೆಚ್ಚು ಕಾಡಿತ್ತು. ಯಂತ್ರ ಮಾಡುವ ತಪ್ಪು ಅವರ ದೇಹಕ್ಕೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಮೇಜಿನ ಮೇಲಿನ ಪರದೆಯಲ್ಲಿ ಆಡುವಾಗ ಚಿತ್ರ ಒಂದು ಕ್ಷಣ ತಡವರಿಸಿದರೆ ಆಟ ಕೆಟ್ಟೀತು, ಅಷ್ಟೆ. ಹೆಡ್‌ಸೆಟ್ಟಿನೊಳಗೆ ತಡವರಿಸಿದರೆ ಹೊಟ್ಟೆ ತೊಳಸುತ್ತದೆ. ತಲೆ ಕದಲಿದ ಕ್ಷಣದಿಂದ ಅದಕ್ಕೆ ತಕ್ಕ ಚಿತ್ರ ಕಣ್ಣಿಗೆ ಬೀಳುವವರೆಗಿನ ಅವಧಿ ಸುಮಾರು 20 ಮಿಲಿಸೆಕೆಂಡುಗಳೊಳಗೆ, ಅಂದರೆ ಸೆಕೆಂಡಿನ ಐವತ್ತರಲ್ಲೊಂದು ಭಾಗದೊಳಗೆ ಇರಬೇಕೆಂಬುದು ಈ ಕ್ಷೇತ್ರದವರು ಒಪ್ಪಿದ ಅಳತೆ. ಮಿಥ್ಯಾವಾಸ್ತವಕ್ಕೆ ಕಾರ್ಡು ಸಾಲುವುದೇ ಎಂಬ ಪ್ರಶ್ನೆ ಅಂದಚೆಂದದ್ದಲ್ಲ, ಆರೋಗ್ಯದ್ದು ಎನ್ನುವುದು ಇದಕ್ಕೇ.

ಮೊದಲ ಸೋಲುಗಳು

ಈ ಅಳತೆಯನ್ನು ಮುಟ್ಟಲಾಗದ ಯಂತ್ರಗಳ ಕಥೆಯೇ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದ ಮಿಥ್ಯಾವಾಸ್ತವದ ಕಥೆ. 1980ರ ದಶಕದಲ್ಲಿ ಜೇರನ್ ಲೇನಿಯರ್ ಅವರ ವಿ.ಪಿ.ಎಲ್. ಕಂಪನಿ ಹೆಡ್‌ಸೆಟ್ಟನ್ನೂ ಕೈಚೀಲದಂಥ ತಂತಿಗವಸನ್ನೂ ಮಾರಿತು. ‘ವರ್ಚುವಲ್ ರಿಯಾಲಿಟಿ’ ಎಂಬ ಹೆಸರು ಜನರ ಬಾಯಿಗೆ ಬಂದದ್ದೂ ಅವರಿಂದಲೇ. ಚಿತ್ರ ಬಿಡಿಸಲು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದೊಡ್ಡ ಯಂತ್ರಗಳು ಬೇಕಿದ್ದವು, ಕಣ್ಣಿಗೊಂದರಂತೆ ಎರಡು. ಅದು ಪ್ರಯೋಗಾಲಯಗಳಿಗೆ ಮಾತ್ರ ಎಟಕುವ ಬೆಲೆ. ಬ್ರಿಟನ್ನಿನಲ್ಲಿ 1991ರಿಂದ ಬಂದ ವರ್ಚುವಾಲಿಟಿ ಯಂತ್ರಗಳು ಆಟದಂಗಡಿಗಳಲ್ಲಿ ಕೆಲವೇ ನಿಮಿಷಗಳ ಆಟ ಕೊಟ್ಟು ಹಣ ಪಡೆದವು. ಕೊಳ್ಳಲಾಗದವರು ಬಾಡಿಗೆಗಾದರೂ ಒಮ್ಮೆ ನೋಡಿ ಬಂದರು.

ಜಪಾನಿನ ಸೆಗಾ ಕಂಪನಿ 1991ರಲ್ಲಿ ಮನೆಬಳಕೆಯ ಹೆಡ್‌ಸೆಟ್ ಘೋಷಿಸಿ, 1993ರಲ್ಲಿ ಪ್ರದರ್ಶಿಸಿ, ಕೊನೆಗೆ ಮಾರುಕಟ್ಟೆಗೆ ತರದೆ ಕೈಬಿಟ್ಟಿತು. 1995ರಲ್ಲಿ ನಿಂಟೆಂಡೊ ತಂದ ವರ್ಚುವಲ್ ಬಾಯ್ ಸುಮಾರು 180 ಡಾಲರಿಗೆ ಸಿಗುತ್ತಿತ್ತು. ಆದರೆ ಅದರಲ್ಲಿ ಇದ್ದದ್ದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣವೊಂದೇ. ತಲೆ ತಿರುಗಿಸಿದರೆ ಚಿತ್ರ ಬದಲಾಗುತ್ತಲೂ ಇರಲಿಲ್ಲ. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳು ಆಡಬಾರದೆಂಬ ಎಚ್ಚರಿಕೆಯನ್ನು ಕಂಪನಿಯೇ ಕೊಟ್ಟಿತ್ತು. ಒಂದು ವರ್ಷದೊಳಗೆ ಅದೂ ಕಣ್ಮರೆಯಾಯಿತು. ಅಗ್ಗವಾಗಿದ್ದುದು ಕಣ್ಣಿಗೆ ಸಾಲಲಿಲ್ಲ, ಕಣ್ಣಿಗೆ ಸಾಲುವಂಥದ್ದು ಜೇಬಿಗೆ ಎಟಕಲಿಲ್ಲ.

ಈ ನಡುವೆ ಮೇಜಿನ ಕಂಪ್ಯೂಟರಿನಲ್ಲಿ ಬೇರೊಂದು ಬದಲಾವಣೆ ನಡೆದಿತ್ತು. 1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡು ಬಂತು. ಮೂರು ಆಯಾಮದ ಚಿತ್ರ ಬಿಡಿಸುವುದನ್ನು ಬಿಟ್ಟು ಬೇರೇನೂ ಅದಕ್ಕೆ ಬಾರದು. ಅಕ್ಷರ, ಕಡತಗಳನ್ನು ತೋರಿಸಲು ಹಳೆಯ ಕಾರ್ಡು ಜೊತೆಗಿರಲೇಬೇಕಿತ್ತು. ಮರುವರ್ಷದ ಆರಂಭದಲ್ಲಿ ಜಾನ್ ಕಾರ್ಮ್ಯಾಕ್ ಎಂಬ ತಂತ್ರಜ್ಞರು ತಮ್ಮ ಕ್ವೇಕ್ ಆಟವನ್ನು ಇಂಥ ಕಾರ್ಡುಗಳಿಗೆ ಒಗ್ಗಿಸಿ ಕೊಟ್ಟಾಗ ವ್ಯತ್ಯಾಸ ಎಲ್ಲರಿಗೂ ಕಂಡಿತು. 1999ರಲ್ಲಿ ಎನ್ವಿಡಿಯಾ ತನ್ನ ಜೀಫೋರ್ಸ್ 256 ಕಾರ್ಡನ್ನು ‘ಜಿಪಿಯು’ ಎಂಬ ಹೊಸ ಹೆಸರಿನಿಂದ ಮಾರಿತು. ಎರಡು ಮೂರು ವರ್ಷಕ್ಕೊಮ್ಮೆ ಕಾರ್ಡು ಬದಲಿಸುವುದು ಆಟಗಾರರ ರೂಢಿಯಾದದ್ದು ಈ ಕಾಲದಲ್ಲಿ. ಹೀಗೆ ಚಪ್ಪಟೆ ಪರದೆಯ ಆಟಗಳು ಸಾಕಿ ಬೆಳೆಸಿದ ಕಾರ್ಡು ಮುಂದೆ ಹೆಡ್‌ಸೆಟ್ಟಿನ ನೆರವಿಗೆ ಬಂತು.

ಸೆಕೆಂಡಿಗೆ ತೊಂಬತ್ತು

2012ರಲ್ಲಿ ಪಾಮರ್ ಲಕ್ಕಿ ಎಂಬ ತರುಣ ತಾನು ಕಟ್ಟಿದ್ದ ಹೆಡ್‌ಸೆಟ್ಟಿಗಾಗಿ ಸಾರ್ವಜನಿಕರಿಂದ ಎರಡೂವರೆ ಲಕ್ಷ ಡಾಲರ್ ಕೇಳಿ, ಸುಮಾರು 24 ಲಕ್ಷ ಡಾಲರ್ ಪಡೆದ. ಮೊಬೈಲ್ ಫೋನುಗಳಿಂದಾಗಿ ಪುಟ್ಟ ಪರದೆಗಳೂ ಚಲನೆ ಅಳೆಯುವ ಚಿಪ್ಪುಗಳೂ ಅಗ್ಗವಾಗಿದ್ದವು. ಕ್ವೇಕ್‌ನ ಕಾರ್ಮ್ಯಾಕ್ ಮರುವರ್ಷ ಆತನ ಆಕ್ಯುಲಸ್ ಕಂಪನಿ ಸೇರಿದರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು.

2015ರ ಮೇ ತಿಂಗಳಲ್ಲಿ ಆಕ್ಯುಲಸ್ ಒಂದು ಲೆಕ್ಕವನ್ನು ಜನರ ಮುಂದಿಟ್ಟಿತು. ಆಗಿನ ಸಾಮಾನ್ಯ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರಗಳಂತೆ ಆಡಲು ಸೆಕೆಂಡಿಗೆ 12 ಕೋಟಿ 40 ಲಕ್ಷ ಚುಕ್ಕೆಗಳನ್ನು ಬಿಡಿಸಿದರೆ ಸಾಕು. ಆದರೆ ರಿಫ್ಟ್ ಹೆಡ್‌ಸೆಟ್ಟಿನ ಎರಡು ಪರದೆಗಳಿಗೆ ಸೆಕೆಂಡಿಗೆ 90 ಚಿತ್ರ ಬೇಕು, ಅಂದರೆ 23 ಕೋಟಿ 30 ಲಕ್ಷ ಚುಕ್ಕೆ. ಮಸೂರಗಳು ಚಿತ್ರವನ್ನು ಬಾಗಿಸುವುದರಿಂದ, ಆ ಬಾಗನ್ನು ಮೊದಲೇ ಸರಿದೂಗಿಸಲು ಚಿತ್ರವನ್ನು ಇನ್ನೂ ದೊಡ್ಡದಾಗಿ ಬಿಡಿಸಬೇಕು. ಅದನ್ನೂ ಸೇರಿಸಿದರೆ ಸುಮಾರು 40 ಕೋಟಿ. ಮೂರು ಪಟ್ಟು ಹೆಚ್ಚು ಕೆಲಸ, ಅದೂ ಪ್ರತಿ ಚಿತ್ರಕ್ಕೆ 11 ಮಿಲಿಸೆಕೆಂಡಿನ ಗಡುವಿನಲ್ಲಿ. ಇದಕ್ಕೆ ಕನಿಷ್ಠ ಎನ್ವಿಡಿಯಾದ ಜಿಟಿಎಕ್ಸ್ 970 ಅಥವಾ ಎಎಂಡಿಯ 290 ಕಾರ್ಡು ಇರಲಿ ಎಂದು ಕಂಪನಿ ಶಿಫಾರಸು ಮಾಡಿತು. 970ರ ಮೂಲ ಬೆಲೆ 329 ಡಾಲರ್.

ಆ ವರ್ಷದ ಕೊನೆಯಲ್ಲಿ ಎನ್ವಿಡಿಯಾ ಮಾಡಿದ ಅಂದಾಜು ಪರಿಸ್ಥಿತಿಯನ್ನು ಸ್ಪಷ್ಟಪಡಿಸುತ್ತದೆ. 2016ರಲ್ಲಿ ಜಗತ್ತಿನಲ್ಲಿ ಬಳಕೆಯಲ್ಲಿರಲಿದ್ದ 143 ಕೋಟಿ ಕಂಪ್ಯೂಟರುಗಳ ಪೈಕಿ ಮಿಥ್ಯಾವಾಸ್ತವಕ್ಕೆ ಸಿದ್ಧವಿದ್ದವು 1 ಕೋಟಿ 30 ಲಕ್ಷ ಮಾತ್ರ. ನೂರಕ್ಕೆ ಒಂದೂ ಇಲ್ಲ. 2016ರ ಮಾರ್ಚಿನಲ್ಲಿ ರಿಫ್ಟ್ 599 ಡಾಲರಿಗೆ ಬಂತು. ಮರುತಿಂಗಳು ಎಚ್‌ಟಿಸಿಯ ವೈವ್ 799 ಡಾಲರಿಗೆ. ಕಂಪ್ಯೂಟರನ್ನೂ ಸೇರಿಸಿದ ರಿಫ್ಟ್ ಜೋಡಿಯ ಬೆಲೆ 1,499 ಡಾಲರಿನಿಂದ ಆರಂಭ. ಭಾರತಕ್ಕೆ ವೈವ್ 2017ರಲ್ಲಿ ಅಧಿಕೃತವಾಗಿ ಬಂದಾಗ ಹೆಡ್‌ಸೆಟ್ಟೊಂದಕ್ಕೇ 92,990 ರೂಪಾಯಿ.

ಕಾದವರು, ಕಾಯದವರು

ಮಾರ್ಚಿನಲ್ಲಿ ಅವಸರಪಟ್ಟು 970 ಕೊಂಡವರಿಗೆ ಬೇಸಿಗೆ ಮುಗಿಯುವುದರೊಳಗೆ ಪಶ್ಚಾತ್ತಾಪ ಕಾದಿತ್ತು. ಜೂನ್ ಕೊನೆಯಲ್ಲಿ ಎಎಂಡಿ ತನ್ನ ಆರ್‌ಎಕ್ಸ್ 480 ಕಾರ್ಡನ್ನು 199 ಡಾಲರಿಗೆ ತಂದಿತು. ಜುಲೈಯಲ್ಲಿ ಎನ್ವಿಡಿಯಾದ ಜಿಟಿಎಕ್ಸ್ 1060 ಬಂದು, 249 ಡಾಲರಿಗೆ 970ನ್ನು ಮೀರಿಸಿತು. ನಾಲ್ಕು ತಿಂಗಳು ಕಾದವರು ಗೆದ್ದರು.

ಅದಕ್ಕಿಂತ ಕುತೂಹಲದ ತಿರುವು ಬಂದದ್ದು ಆ ಅಕ್ಟೋಬರಿನಲ್ಲಿ. ಕಾರ್ಮ್ಯಾಕ್ ಮತ್ತಿತರರು ಹಿಂದಿನಿಂದಲೂ ಒಂದು ಉಪಾಯದ ಮೇಲೆ ಕೆಲಸ ಮಾಡುತ್ತಿದ್ದರು. ಚಿತ್ರ ಕಣ್ಣಿಗೆ ತಲುಪುವ ಕೊನೆಯ ಗಳಿಗೆಯಲ್ಲಿ ತಲೆ ಎಲ್ಲಿದೆಯೆಂದು ಮತ್ತೊಮ್ಮೆ ನೋಡಿ, ಇಡೀ ಚಿತ್ರವನ್ನು ಅದಕ್ಕೆ ತಕ್ಕಷ್ಟು ಸರಿಸುವುದು. ಇದನ್ನು ಮುಂದುವರಿಸಿದ ಆಕ್ಯುಲಸ್, ಕಾರ್ಡು ಸೆಕೆಂಡಿಗೆ 45 ಚಿತ್ರ ಬಿಡಿಸಿದರೂ ಸಾಕು, ನಡುನಡುವಿನ 45 ಚಿತ್ರಗಳನ್ನು ಹಿಂದಿನ ಚಿತ್ರಗಳ ಚಲನೆಯಿಂದ ಊಹಿಸಿ ತುಂಬುತ್ತೇವೆ ಎಂದಿತು. ಕನಿಷ್ಠ ಕಾರ್ಡಿನ ಅಳತೆ 970ರಿಂದ 960ಕ್ಕೆ ಇಳಿಯಿತು. 499 ಡಾಲರಿನ ಕಂಪ್ಯೂಟರಿನಲ್ಲೂ ರಿಫ್ಟ್ ನಡೆಯುತ್ತದೆಂದು ಪ್ರಕಟಿಸಲಾಯಿತು. ಊಹಿಸಿದ ಚಿತ್ರಗಳಲ್ಲಿ ಅಂಚುಗಳು ಅಲ್ಲಲ್ಲಿ ಕಲಕಿದಂತೆ ಕಾಣುತ್ತಿದ್ದುದು ನಿಜ. ಆದರೆ ಯಾವ ಕಾರ್ಡನ್ನೂ ಕೊಳ್ಳದೆ ಸುಮ್ಮನಿದ್ದ ಕೆಲವರು ಒಂದು ಬೆಳಗ್ಗೆ ಅರ್ಹರಾಗಿಬಿಟ್ಟಿದ್ದರು.

ಹಾಗೆಂದು ಕಾಯುವುದೇ ಯಾವಾಗಲೂ ಜಾಣತನವೆನ್ನುವಂತಿಲ್ಲ. 2017ರಲ್ಲಿ ಕ್ರಿಪ್ಟೋ ನಾಣ್ಯಗಳನ್ನು ಗಣಿ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಸಗಟಾಗಿ ಕೊಳ್ಳತೊಡಗಿದರು. ಇನ್ನಷ್ಟು ಇಳಿಯಲೆಂದು ಕಾದಿದ್ದವರ ಕಣ್ಣೆದುರೇ ಬೆಲೆ ಏರಿತು. 2020ರ ಮಾರ್ಚ್ 23ರಂದು ವಾಲ್ವ್‌ನ ‘ಹಾಫ್-ಲೈಫ್: ಆಲಿಕ್ಸ್’ ಬಂದಾಗ ಈ ಪಾಠ ಮತ್ತೊಮ್ಮೆ ನಡೆಯಿತು. ಹೆಡ್‌ಸೆಟ್ಟಿಗೆಂದೇ ಬರೆದ ಆ ದೊಡ್ಡ ಆಟ ಕೇಳುತ್ತಿದ್ದುದು ನಾಲ್ಕು ವರ್ಷ ಹಳೆಯ 1060 ಕಾರ್ಡನ್ನು. ಅದು ಕೈಯಲ್ಲಿದ್ದವರು ಕೋವಿಡ್ ಕಾಲದಲ್ಲಿ ಮನೆಯಲ್ಲೇ ಕುಳಿತು ಆಡಿದರು. ಹೊಸ ಪೀಳಿಗೆಗೆ ಕಾದವರಿಗೆ ಆ ಸೆಪ್ಟೆಂಬರಿನಲ್ಲಿ 699 ಡಾಲರಿನ ಆರ್‌ಟಿಎಕ್ಸ್ 3080 ಘೋಷಣೆಯೇನೋ ಆಯಿತು, ಆದರೆ ಅಂಗಡಿಗಳಲ್ಲಿ ಸಿಗಲಿಲ್ಲ. ಚಿಪ್ಪುಗಳ ಅಭಾವ ಮತ್ತು ಗಣಿಗಾರರ ಹಸಿವಿನಿಂದ ಮರುಮಾರಾಟದ ಬೆಲೆ ಗಗನಕ್ಕೇರಿತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆಯೇ ಗಣಿಯ ಹಾವಳಿ ತಗ್ಗಿದ್ದು.

ಚಕ್ರದ ಇನ್ನೊಂದು ಸುತ್ತು

ಇಷ್ಟರಲ್ಲಿ ಸದರ್‌ಲೆಂಡ್ ಹೇಳಿದ ಚಕ್ರ ಮತ್ತೆ ತಿರುಗಿತ್ತು. 2019ರಲ್ಲಿ ಬಂದ ವಾಲ್ವ್ ಇಂಡೆಕ್ಸ್ ಹೆಡ್‌ಸೆಟ್ ಸೆಕೆಂಡಿಗೆ 144 ಚಿತ್ರಗಳವರೆಗೆ ತೋರಿಸಬಲ್ಲದಾಗಿತ್ತು. ಅದರ ಪರದೆಗಳನ್ನು ಪೂರ್ತಿ ತುಂಬಲು ಸೆಕೆಂಡಿಗೆ 66 ಕೋಟಿ ಚುಕ್ಕೆ ಬೇಕು. ಅದೇ ವರ್ಷ ಆಕ್ಯುಲಸ್ ತಂದ ಕ್ವೆಸ್ಟ್ ಇದಕ್ಕೆ ತದ್ವಿರುದ್ಧ. ಮೊಬೈಲ್ ಫೋನಿನ ಚಿಪ್ಪನ್ನೇ ಹೆಡ್‌ಸೆಟ್ಟಿನೊಳಗೆ ಇಟ್ಟು, 399 ಡಾಲರಿಗೆ, ಕಂಪ್ಯೂಟರೂ ಕಾರ್ಡೂ ಬೇಡದ ಯಂತ್ರ. ಚಿತ್ರಗಳು ಸರಳ, ಸೆಕೆಂಡಿಗೆ 72 ಮಾತ್ರ. 2020ರ ಕ್ವೆಸ್ಟ್ 2 ಇನ್ನೂ ಅಗ್ಗವಾಗಿ 299 ಡಾಲರಿಗೆ ಬಂದು ಲಕ್ಷಗಟ್ಟಲೆ ಮನೆ ಸೇರಿತು. ಕಂಪ್ಯೂಟರ್‌ನಿಂದ ಹೊರಬಂದ ಚಿತ್ರಯಂತ್ರ ಹೆಡ್‌ಸೆಟ್ಟಿನೊಳಗೆ ತಾನೇ ಕಂಪ್ಯೂಟರಾಯಿತು. ಸ್ವಲ್ಪ ದಿನದಲ್ಲೇ ಅದಕ್ಕೆ ಒಂದು ತಂತಿ ಜೋಡಿಸಿ, ಮತ್ತೆ ಮೇಜಿನ ಮೇಲಿನ ಕಾರ್ಡಿನ ನೆರವು ಪಡೆಯುವ ವ್ಯವಸ್ಥೆಯೂ ಬಂತು!

ಕಾರ್ಡುಗಳ ಕಸುವೂ ಬೆಳೆಯುತ್ತ ಬಂದಿದೆ, ಅವುಗಳ ಹಸಿವೂ. 2014ರ 970 ಕಾರ್ಡು ಗರಿಷ್ಠ 145 ವಾಟ್ ವಿದ್ಯುತ್ ಬಳಸುತ್ತಿತ್ತು. 2025ರ ಜನವರಿಯಲ್ಲಿ 1,999 ಡಾಲರಿಗೆ ಬಂದ ಆರ್‌ಟಿಎಕ್ಸ್ 5090ಕ್ಕೆ 575 ವಾಟ್ ಬೇಕು. ಈಗ ಕಾರ್ಡು ತಯಾರಕರಿಗೆ ದೊಡ್ಡ ಗಿರಾಕಿ ಆಟಗಾರರಲ್ಲ, ಕೃತಕ ಬುದ್ಧಿಮತ್ತೆಯ ಕಂಪನಿಗಳು. ಇಂಥ ಚಿಪ್ಪುಗಳ ವಿನ್ಯಾಸದಲ್ಲಿ ಬೆಂಗಳೂರಿಗೂ ಪಾಲಿದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ಇಲ್ಲಿಯೇ ತೆರೆಯಿತು. ಎನ್ವಿಡಿಯಾದ ಎಂಜಿನಿಯರುಗಳೂ ಇಲ್ಲಿದ್ದಾರೆ.

ಇನ್ನೊಂದು ಕಡೆ, ಕಡಿಮೆ ಕಸುವಿನಲ್ಲಿ ಹೆಚ್ಚು ಕೆಲಸ ಮಾಡುವ ಉಪಾಯಗಳೂ ನಿಂತಿಲ್ಲ. ಮನುಷ್ಯನ ಕಣ್ಣು ಸ್ಪಷ್ಟವಾಗಿ ನೋಡುವುದು ನೋಟದ ನಡುವಿನ ಪುಟ್ಟ ಭಾಗವನ್ನು ಮಾತ್ರ, ಸುಮಾರು ಎರಡು ಡಿಗ್ರಿಯಷ್ಟನ್ನು. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು. ಉಳಿದದ್ದೆಲ್ಲ ಮಸುಕು. 2023ರಲ್ಲಿ ಸೋನಿ ತಂದ ಪ್ಲೇಸ್ಟೇಷನ್ ವಿಆರ್2 ಹೆಡ್‌ಸೆಟ್ ಕಣ್ಣು ಎತ್ತ ನೋಡುತ್ತಿದೆಯೆಂದು ಗಮನಿಸಿ, ಆ ಜಾಗವನ್ನಷ್ಟೇ ಕುಸುರಿಯಾಗಿ ಬಿಡಿಸಿ, ಸುತ್ತಲಿನದನ್ನು ಒರಟಾಗಿ ತೋರಿಸಿತು. ನೋಡುವವರಿಗೆ ಅದು ತಿಳಿಯುವುದೇ ಇಲ್ಲ.

ತೀರ್ಮಾನದ ತಕ್ಕಡಿ

ಇಷ್ಟು ಇತಿಹಾಸ ಕಾರ್ಡು ಬದಲಿಸುವವರಿಗೆ ಏನು ಹೇಳುತ್ತದೆ? ಮೊದಲನೆಯದಾಗಿ, ಅಳತೆಗೋಲು ಇರುವುದು ಅಂಗಡಿಯಲ್ಲಲ್ಲ, ಕಣ್ಣು ಕಿವಿಗಳಲ್ಲಿ. ಹೆಡ್‌ಸೆಟ್ ಕೇಳುವ ವೇಗದಲ್ಲಿ ಚಿತ್ರಗಳು ತಡವರಿಸದೆ ಬರುತ್ತಿದ್ದರೆ ಕಾರ್ಡು ಸಾಕು. ಬರುತ್ತಿಲ್ಲವಾದರೆ ಹಣ ಖರ್ಚು ಮಾಡುವ ಮೊದಲು ನೆರಳು, ಪ್ರತಿಫಲನ, ಚುಕ್ಕೆಗಳ ಸಾಂದ್ರತೆ ಇವನ್ನು ಇಳಿಸಿ ನೋಡಬಹುದು. ಹೆಡ್‌ಸೆಟ್ಟಿನೊಳಗೆ ಸ್ಥಿರವಾದ ಸರಳ ಚಿತ್ರ, ತಡವರಿಸುವ ಸುಂದರ ಚಿತ್ರಕ್ಕಿಂತ ಮೇಲು. ಎಲ್ಲ ಇಳಿಸಿದರೂ ತಲೆ ಸುತ್ತುತ್ತಿದ್ದರೆ, ಅದು ಕಾರ್ಡಿನ ಕೊರತೆಯೋ ಆಟದಲ್ಲಿನ ಚಲನೆಯ ರೀತಿಯೋ ಎಂದು ಬೇರ್ಪಡಿಸಿ ನೋಡಬೇಕು. ದೇಹ ಕುಳಿತಿದ್ದು ಕಣ್ಣು ಮಾತ್ರ ಓಡುವ ಆಟದಲ್ಲಿ ಎಂಥ ಕಾರ್ಡೂ ಒಳಗಿವಿಯ ತಕರಾರನ್ನು ಪೂರ್ತಿ ತೀರಿಸಲಾರದು.

ಎರಡನೆಯದಾಗಿ, ಕಾರ್ಡು ಒಂಟಿಯಾಗಿ ಬರುವುದಿಲ್ಲ. ಅದಕ್ಕೆ ತಕ್ಕ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಬೇಕು, ಡಬ್ಬಿಯೊಳಗೆ ಜಾಗ ಬೇಕು, ಲೆಕ್ಕ ಒದಗಿಸುವ ಪ್ರೊಸೆಸರ್ ಹಿಂದೆ ಬೀಳಬಾರದು. ಲ್ಯಾಪ್‌ಟಾಪ್ ಇದ್ದವರಿಗಂತೂ ಬಹುಪಾಲು ಬದಲಿಸುವ ಅವಕಾಶವೇ ಇಲ್ಲ, ಅದರ ಚಿಪ್ಪು ಬೆಸುಗೆ ಹಾಕಿದ್ದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬರಲಿರುವುದಕ್ಕಾಗಿ ಕೊಂಡವರು ಹಲವು ಸಲ ಸೋತಿದ್ದಾರೆ. 2018ರಲ್ಲಿ ಎನ್ವಿಡಿಯಾದ ಹೊಸ ಕಾರ್ಡುಗಳಲ್ಲಿ ಮುಂದಿನ ಹೆಡ್‌ಸೆಟ್ಟುಗಳಿಗೆಂದು ವರ್ಚುವಲ್‌ಲಿಂಕ್ ಎಂಬ ವಿಶೇಷ ಕಿಂಡಿಯಿತ್ತು. ಎರಡು ವರ್ಷದಲ್ಲಿ ಆ ಯೋಜನೆಯೇ ಮುಚ್ಚಿತು. 2020ರ ಕಾರ್ಡುಗಳಲ್ಲಿ ಕಿಂಡಿಯೂ ಇಲ್ಲ. ಮೈಕ್ರೋಸಾಫ್ಟ್ 2017ರಲ್ಲಿ ಆರಂಭಿಸಿದ ಮಿಕ್ಸ್‌ಡ್ ರಿಯಾಲಿಟಿ ವ್ಯವಸ್ಥೆಯನ್ನು 2024ರ ವಿಂಡೋಸ್ ಆವೃತ್ತಿಯಿಂದ ತೆಗೆದುಹಾಕಿತು. ಅದನ್ನು ನೆಚ್ಚಿದ್ದ ಹೆಡ್‌ಸೆಟ್ಟುಗಳಿಗೆ ಎಷ್ಟು ಬಲವಾದ ಕಾರ್ಡು ಜೋಡಿಸಿದರೂ ಹೊಸ ಆವೃತ್ತಿಯಲ್ಲಿ ಆ ವ್ಯವಸ್ಥೆ ಸಿಗದು. ಗೆದ್ದವರು, ಆಡಬೇಕೆಂದಿರುವ ಆಟ ಇಂದು ಕೈಯಲ್ಲಿದೆಯೇ ಎಂದು ಕೇಳಿಕೊಂಡವರು. ಆಲಿಕ್ಸ್ ಬಂದ ದಿನ 1060 ಹೊಂದಿದ್ದವರಿಗೆ ಅಷ್ಟೇ ಸಾಕಾಗಿತ್ತು.

ಸದರ್‌ಲೆಂಡ್ ಮತ್ತು ಮೈಯರ್ ತಾವು ಚಕ್ರದಲ್ಲಿ ಸುತ್ತುತ್ತಿದ್ದೇವೆಂದು ತಿಳಿದ ಮೇಲೆ, ತಮ್ಮ ಯಂತ್ರ ಮಾಡಬೇಕಾದ ಕೆಲಸವೇನೆಂದು ಮತ್ತೆ ಕೇಳಿಕೊಂಡು ಒಂದು ಕಡೆ ನಿಂತರು. 2016ರಲ್ಲಿ ಹಳದಿ ಗುರುತು ಕಂಡ ಆಟಗಾರರಿಗೂ ಇದ್ದ ದಾರಿ ಅದೇ. ಆ ಹಳದಿ ಹೊಸ ಕಾರ್ಡು ಕೊಳ್ಳಿರೆಂಬ ಅಪ್ಪಣೆಯಾಗಿರಲಿಲ್ಲ. ಹೆಡ್‌ಸೆಟ್ಟನ್ನು ಒಮ್ಮೆ ಎರವಲು ತಂದು, ಹಳೆಯ ಕಾರ್ಡಿನಲ್ಲೇ ಅರ್ಧ ಗಂಟೆ ಆಡಿ, ತಲೆ ಸುತ್ತಿತೇ ಇಲ್ಲವೇ ಎಂದು ನೋಡಿರೆಂಬ ಸೂಚನೆಯಾಗಿತ್ತು. ಹಾಗೆ ನೋಡುವುದಕ್ಕೆ ಇಂದಿಗೂ ಖರ್ಚಿಲ್ಲ.